ನಡುವಿನ ಕಡಲೇ ಕಾವಲು

ಗಲಾಪಗೋಸ್ ದ್ವೀಪಗಳಿಗೆ ಹೋಗಿಬಂದವರು ಮೊದಲು ಹೇಳುವ ಮಾತು, ಅಲ್ಲಿನ ಪ್ರಾಣಿಗಳಿಗೆ ಮನುಷ್ಯರ ಭಯವಿಲ್ಲ ಎಂಬುದು. ಕಪ್ಪು ಲಾವಾ ಬಂಡೆಯ ಮೇಲೆ ಒಂದರ ಮೈಮೇಲೊಂದು ಬಿದ್ದುಕೊಂಡು ಬಿಸಿಲು ಕಾಯಿಸುವ ಕಡಲ ಇಗ್ವಾನಾಗಳು ಪಕ್ಕದಲ್ಲಿ ಜನ ನಿಂತರೂ ಕದಲುವುದಿಲ್ಲ. ಆಗಾಗ ಮೂಗಿನಿಂದ ಪುಸ್ಸೆಂದು ಉಪ್ಪುನೀರು ಸೀನುತ್ತವೆ, ಅದು ಅವುಗಳ ತಲೆಯ ಮೇಲೇ ಬಿದ್ದು ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ. ಇದನ್ನು ಸ್ನೇಹ ಅಂದುಕೊಳ್ಳುವುದು ನಮ್ಮ ಭ್ರಮೆ. ಈಕ್ವೆಡಾರ್ ಕರಾವಳಿಯಿಂದ ಸುಮಾರು 1,000 ಕಿ.ಮೀ. ದೂರದಲ್ಲಿ ಜ್ವಾಲಾಮುಖಿಗಳಿಂದ ಎದ್ದ ಈ ನೆಲಕ್ಕೆ ಬೆಕ್ಕು, ನಾಯಿಯಂಥ ಬೇಟೆ ಪ್ರಾಣಿಗಳು ತಾವಾಗಿ ತಲುಪಲೇ ಇಲ್ಲ. ಹೆದರಿ ಓಡುವ ಅಗತ್ಯವೂ ಬೀಳಲಿಲ್ಲ. ನಾವು ಹಣ ಕೊಟ್ಟು ನೋಡುವುದು ಕಡಲು ಕಾಯ್ದಿಟ್ಟ ದೂರದ ಫಲವನ್ನು. ದ್ವೀಪದಿಂದ ದ್ವೀಪಕ್ಕೆ ದೋಣಿ ಏರುವ ಪ್ರವಾಸ ಆ ದೂರವನ್ನೇ ಅಳಿಸುತ್ತದೆ.

ದೂರ ಖಂಡದಿಂದ ಮಾತ್ರವಲ್ಲ, ದ್ವೀಪಗಳ ನಡುವೆಯೂ ಇದೆ. ಭೂಗರ್ಭದ ಬಿಸಿತಾಣದ ಮೇಲೆ ಹುಟ್ಟಿದ ದ್ವೀಪಗಳನ್ನು ನಾಜ್ಕಾ ಫಲಕ ಪೂರ್ವಕ್ಕೆ ಒಯ್ಯುತ್ತಿದೆ. ಹೀಗಾಗಿ ಪೂರ್ವದ ಎಸ್ಪನೋಲಾ ಹಳೆಯದು, ತಗ್ಗಾದದ್ದು, ಒಣಗಿದ್ದು. ಪಶ್ಚಿಮದ ಫರ್ನಾಂಡಿನಾ ಎಳೆಯದು, 2024ರಲ್ಲಿ ಕೂಡ ಲಾವಾ ಉಗುಳಿತು. ಎಸ್ಪನೋಲಾದ ಆಮೆಯ ಚಿಪ್ಪು ಕತ್ತಿನ ಬಳಿ ಕುದುರೆಯ ಜೀನಿನಂತೆ ಮೇಲೆದ್ದಿದೆ, ಎತ್ತರದ ಪಾಪಾಸುಕಳ್ಳಿಗೆ ಬಾಯಿ ಹಾಕಲು ಅದರಿಂದ ಅನುಕೂಲ. ಸಾಂತಾ ಕ್ರೂಸ್‌ನ ಹಸಿರು ದಿಣ್ಣೆಗಳಲ್ಲಿ ಮೇಯುವ ಆಮೆಯದು ಗುಂಡಗಿನ ಚಿಪ್ಪು. ಹಾರಲಾರದ ನೀರುಕಾಗೆ ಫರ್ನಾಂಡಿನಾ ಮತ್ತು ಇಸಾಬೆಲಾ ತೀರ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ. ಈಜು ಮುಗಿಸಿ ಬಂಡೆ ಹತ್ತಿ, ಹರಿದ ಚಿಂದಿಯಂಥ ಪುಟ್ಟ ರೆಕ್ಕೆಗಳನ್ನು ಒಣಗಲು ಹರಡಿಕೊಂಡು ನಿಲ್ಲುತ್ತದೆ. ಆಮೆಯನ್ನು ನೋಡಿಯೇ ಅದರ ದ್ವೀಪ ಹೇಳಬಲ್ಲೆ ಎಂದು 1835ರಲ್ಲಿ ಅಲ್ಲಿನ ಅಧಿಕಾರಿ ಲಾಸನ್ ಹೇಳಿದಾಗ ಡಾರ್ವಿನ್ ಕೂಡ ಅದಕ್ಕೆ ತಕ್ಷಣ ಬೆಲೆ ಕೊಡಲಿಲ್ಲ!

ಹಾಗಾದರೆ ಪ್ರವಾಸಿಗರನ್ನೇ ತಡೆಯಬಾರದೇಕೆ ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ ಅತಿ ದೊಡ್ಡ ಹಾನಿಗಳು ಪ್ರವಾಸೋದ್ಯಮಕ್ಕಿಂತ ಹಳೆಯವು. ತಿಮಿಂಗಿಲ ಬೇಟೆಗಾರರು ಹಡಗಿನ ಊಟಕ್ಕೆಂದು ಆಮೆಗಳನ್ನು ಜೀವಂತ ಹೊತ್ತೊಯ್ದರು. ಪಿಂಟಾ ದ್ವೀಪದಲ್ಲಿ 1959ರಲ್ಲಿ ಮೀನುಗಾರರು ಬಿಟ್ಟ ಬೆರಳೆಣಿಕೆಯ ಮೇಕೆಗಳು ಸಾವಿರಾರಾಗಿ ಹಸಿರನ್ನೆಲ್ಲ ಮುಕ್ಕಿದವು. ಅಲ್ಲಿನ ಆಮೆಗಳಲ್ಲಿ ಕೊನೆಯದಾದ ‘ಲೋನ್ಸಮ್ ಜಾರ್ಜ್’ 2012ರಲ್ಲಿ ಸತ್ತಿತು. ಇಸಾಬೆಲಾ, ಸಾಂಟಿಯಾಗೊಗಳಿಂದ ಒಂದು ಲಕ್ಷಕ್ಕೂ ಹೆಚ್ಚು ಮೇಕೆಗಳನ್ನು ನಿವಾರಿಸಲು ಹೆಲಿಕಾಪ್ಟರ್‌ಗಳೇ ಬೇಕಾದವು. ಇಂಥ ಕೆಲಸಕ್ಕೆ ದುಡ್ಡು ಬೇಕು. ವಿದೇಶಿ ವಯಸ್ಕರ ಪ್ರವೇಶ ಶುಲ್ಕ 2024ರ ಆಗಸ್ಟ್‌ನಲ್ಲಿ 100 ಡಾಲರ್‌ನಿಂದ 200ಕ್ಕೆ ಏರಿದ್ದನ್ನು ನಾನಂತೂ ದುಬಾರಿ ಎನ್ನಲಾರೆ.

ಪ್ರಾಣಿಗಳಿಂದ ಎರಡು ಮೀಟರ್ ದೂರವಿರಿ ಎಂಬ ನಿಯಮ ಎಲ್ಲರಿಗೂ ಗೊತ್ತು. ದೋಣಿ ಹತ್ತುವ ಮುಂಚಿನ ಚೀಲದ ತಪಾಸಣೆ ಮಾತ್ರ ಕಿರಿಕಿರಿ ಅನಿಸುತ್ತದೆ, ನಿಜಕ್ಕೂ ಮುಖ್ಯವಾದದ್ದು ಅದೇ. ಸಾಂತಾ ಕ್ರೂಸ್‌ನಿಂದ ಇಸಾಬೆಲಾಕ್ಕೆ ಸ್ಪೀಡ್‌ಬೋಟಿನಲ್ಲಿ ಎರಡು ಗಂಟೆಯ ದಾರಿ. ಬೂಟಿಗಂಟಿದ ಬೀಜಕ್ಕೂ ಹಣ್ಣಿನೊಳಗಿನ ಹುಳಕ್ಕೂ ಅಷ್ಟೇ ಹೊತ್ತು ಸಾಕು. ಹೊರಗಿನಿಂದ ಬಂದ ಒಂದು ನೊಣದ ಮರಿಹುಳುಗಳು ಇಂದು ಫಿಂಚ್ ಮರಿಗಳ ರಕ್ತ ಹೀರಿ ಗೂಡಿನಲ್ಲೇ ಕೊಲ್ಲುತ್ತಿವೆ, ಅದನ್ನು ಮೇಕೆಯಂತೆ ಗುಂಡಿಟ್ಟು ಮುಗಿಸಲಾಗದು. ಆದ್ದರಿಂದ ಐದು ದಿನಕ್ಕೆ ಐದು ದ್ವೀಪ ಎಂಬ ಪ್ಯಾಕೇಜಿಗಿಂತ, ಪೂರ್ವದ ಒಂದು ಹಳೆಯ ದ್ವೀಪ, ಪಶ್ಚಿಮದ ಒಂದು ಎಳೆಯ ದ್ವೀಪ, ಎರಡನ್ನೇ ನಿಧಾನವಾಗಿ ನೋಡುವುದು ವಾಸಿ. ಲಾಸನ್ ಹೇಳಿದ ವ್ಯತ್ಯಾಸ ಕಾಣಲು ಎರಡು ಸಾಕು.