ಶೂನ್ಯಜ್ಞಾನ ಪ್ರಮಾಣ ಮತ್ತು ಬ್ಲಾಕ್‌ಚೈನ್

ಇತಿಹಾಸವನ್ನು ಬೋಧಿಸುವವನು ಗಣಿತದ ವಿಷಯಕ್ಕೆ ಕೈಹಾಕುವುದು ಅನಧಿಕಾರ ಚರ್ಚೆಯೆಂದು ಕೆಲವರಿಗೆ ತೋರಬಹುದು. ಆದರೆ ಸಾಕ್ಷ್ಯವನ್ನು ನಂಬುವುದು ಹೇಗೆ ಎಂಬುದು ನಮ್ಮ ಶಾಸ್ತ್ರದ ಮೂಲಪ್ರಶ್ನೆಯೇ ಆಗಿದೆ. ತಾಮ್ರಶಾಸನವೊಂದು ನೈಜವೋ ಕೂಟವೋ ಎಂದು ನಿರ್ಣಯಿಸಬೇಕಾದರೆ ನಾವು ಅದನ್ನು ಓದಲೇಬೇಕು. ಒಳಗಿನ ವಿಷಯವನ್ನು ನೋಡದೆಯೇ ಹೇಳಿಕೆಯ ಸತ್ಯತೆಯನ್ನು ಪರೀಕ್ಷಿಸುವ ಮಾರ್ಗವೊಂದು ಗಣಿತದಲ್ಲಿ ಉಂಟು. ಅದನ್ನು ೧೯೮೫ರಲ್ಲಿ ಶಾಫಿ ಗೋಲ್ಡ್‌ವಾಸರ್, ಸಿಲ್ವಿಯೊ ಮಿಕಾಲಿ, ಚಾರ್ಲ್ಸ್ ರಾಕಾಫ್ ಎಂಬ ಮೂವರು ವಿದ್ವಾಂಸರು ನಿರೂಪಿಸಿದರು. ಹೇಳಿಕೆ ನಿಜವೆಂಬುದೊಂದನ್ನು ಬಿಟ್ಟು ಮತ್ತೇನನ್ನೂ ತಿಳಿಸದ ಕಾರಣ ಇದಕ್ಕೆ ಶೂನ್ಯಜ್ಞಾನ ಪ್ರಮಾಣವೆಂದು ಹೆಸರು.

ಅಲಿಬಾಬನ ಗುಹೆಯ ದೃಷ್ಟಾಂತ ಇಲ್ಲಿ ಪ್ರಸಿದ್ಧವಾದುದು. ಗುಹೆಯೊಳಗೆ ಎಡಕ್ಕೂ ಬಲಕ್ಕೂ ಎರಡು ದಾರಿಗಳು. ಅವು ಒಳಗೆ ಸಂಧಿಸುವಲ್ಲಿ ಒಂದು ಬಾಗಿಲು. ಅದು ಮಂತ್ರ ಬಲ್ಲವನಿಗೆ ಮಾತ್ರ ತೆರೆಯುವುದು. ವಾದಿಯು ಯಾವುದೋ ಒಂದು ದಾರಿಯಿಂದ ಒಳಹೋಗುತ್ತಾನೆ. ಅದು ಯಾವುದೆಂದು ಕಾಣದ ಪರೀಕ್ಷಕನು ಹೊರಗೆ ನಿಂತು, ‘ಎಡದಿಂದ ಬಾ’ ಎಂದೋ ‘ಬಲದಿಂದ ಬಾ’ ಎಂದೋ ಕೂಗುತ್ತಾನೆ. ಮಂತ್ರವನ್ನರಿಯದವನು ಒಂದು ಸಲ ಅದೃಷ್ಟದಿಂದ ಗೆಲ್ಲಬಹುದು. ಸತತವಾಗಿ ಇಪ್ಪತ್ತು ಸಲ ಗೆಲ್ಲುವ ಸಂಭವ ೧೦,೪೮,೫೭೬ರಲ್ಲಿ ಒಂದು ಮಾತ್ರ. ಪರೀಕ್ಷಕನಿಗೆ ನಂಬಿಕೆ ಹುಟ್ಟಿತು. ಮಂತ್ರದ ಒಂದಕ್ಷರವೂ ಅವನಿಗೆ ತಿಳಿಯಲಿಲ್ಲ.

ಇನ್ನು ಬ್ಲಾಕ್‌ಚೈನ್. ೨೦೦೯ರಲ್ಲಿ ಆರಂಭವಾದ ಬಿಟ್‌ಕಾಯಿನ್ ಒಂದು ಸಾರ್ವಜನಿಕ ಲೆಕ್ಕದ ಪುಸ್ತಕ. ಅದರ ಪ್ರತಿಯನ್ನು ಇಟ್ಟುಕೊಂಡ ಗಣಕಯಂತ್ರಗಳು ಪ್ರತಿಯೊಂದು ವ್ಯವಹಾರವನ್ನೂ ತಾವೇ ಪರೀಕ್ಷಿಸುತ್ತವೆ. ಯಾರನ್ನೂ ನಂಬಬೇಕಾಗಿಲ್ಲ, ದಿಟ. ಆದರೆ ಒಂದೇ ಲೆಕ್ಕವನ್ನು ಸಾವಿರಾರು ಯಂತ್ರಗಳು ಮಾಡಬೇಕಾಯಿತು. ಎಲ್ಲರ ವ್ಯವಹಾರವೂ ಎಲ್ಲರಿಗೂ ಕಾಣುವಂತಾಯಿತು. ಈ ಎರಡು ತೊಡಕುಗಳಿಗೂ ಶೂನ್ಯಜ್ಞಾನ ಪ್ರಮಾಣದ ವಿದ್ಯೆ ಪರಿಹಾರವನ್ನು ಸೂಚಿಸುತ್ತದೆ. ಈಥೀರಿಯಂ ಎಂಬ ಬ್ಲಾಕ್‌ಚೈನಿನಲ್ಲಿ ಈಗ ಸಾವಿರಾರು ವ್ಯವಹಾರಗಳನ್ನು ಹೊರಗೆ ನಡೆಸಿ, ಅವೆಲ್ಲವೂ ನಿಯಮಬದ್ಧವೆಂಬ ಒಂದು ಚಿಕ್ಕ ಪ್ರಮಾಣವನ್ನು ಮೂಲ ಪುಸ್ತಕಕ್ಕೆ ಒಪ್ಪಿಸುವ ಪದ್ಧತಿ ರೂಢಿಯಲ್ಲಿದೆ; ಯಂತ್ರಗಳು ಆ ಪ್ರಮಾಣವನ್ನಷ್ಟೇ ಪರೀಕ್ಷಿಸಿದರೆ ಸಾಕು.

ದೊಡ್ಡ ಲೆಕ್ಕಕ್ಕೆ ಚಿಕ್ಕ ಪ್ರಮಾಣ ದೊರೆಯುವುದು ಹೇಗೆ? ಲೆಕ್ಕದ ಪ್ರತಿಯೊಂದು ಹೆಜ್ಜೆಯನ್ನೂ ಸಮೀಕರಣವಾಗಿಸಿ, ಎಲ್ಲವನ್ನೂ ಸೇರಿಸಿ ಬಹುಪದೋಕ್ತಿಗಳಾಗಿ ಹೆಣೆಯುತ್ತಾರೆ. ಹತ್ತು ಲಕ್ಷ ಘಾತದ ಎರಡು ಬೇರೆಬೇರೆ ಬಹುಪದೋಕ್ತಿಗಳು ಹೆಚ್ಚೆಂದರೆ ಹತ್ತು ಲಕ್ಷ ಬಿಂದುಗಳಲ್ಲಿ ಒಂದಾಗಬಲ್ಲವು. ಬಿಂದುಗಳ ಒಟ್ಟು ಎಣಿಕೆಯೇ ೭೭ ಅಂಕಿಗಳ ಸಂಖ್ಯೆಯಾಗಿದ್ದರೆ, ಯಾದೃಚ್ಛಿಕವಾಗಿ ಆರಿಸಿದ ಒಂದೇ ಬಿಂದುವಿನಲ್ಲಿ ತಾಳೆ ನೋಡಿದರೂ ಸುಳ್ಳು ಸಿಕ್ಕಿಬೀಳದಿರುವ ಸಂಭವ ಇಲ್ಲವೆಂದೇ ಹೇಳಬಹುದು. ಆದರೆ ವಾದಿಗೆ ಆ ಬಿಂದು ಮುಂಚಿತವಾಗಿ ತಿಳಿಯಬಾರದು. ತಿಳಿದರೆ ಅವನು ಅಲ್ಲಿ ಮಾತ್ರ ತಾಳೆಯಾಗುವ ಸುಳ್ಳನ್ನು ಕಟ್ಟಬಲ್ಲನು.

ವಿಷಯ ನಿಜವಾಗಿ ಬಿಗಿಯಾಗುವುದು ಇಲ್ಲಿಯೇ. ೨೦೧೬ರ ಅಕ್ಟೋಬರಿನಲ್ಲಿ ಆರಂಭವಾದ ಜೀಕ್ಯಾಶ್ ಎಂಬ ನಾಣ್ಯಪದ್ಧತಿಯಲ್ಲಿ ಕೊಟ್ಟವರು, ಪಡೆದವರು, ಮೊತ್ತ ಮೂರನ್ನೂ ಮರೆಮಾಡುವುದಕ್ಕೆ ಅವಕಾಶವಿತ್ತು. ಅದರ ಗುಪ್ತಬಿಂದುವನ್ನು ಬೇರೆಬೇರೆ ಸ್ಥಳಗಳಲ್ಲಿದ್ದ ಆರು ಮಂದಿ ಭಾಗಭಾಗವಾಗಿ ಸೃಷ್ಟಿಸಿದರು. ಅವರಲ್ಲಿ ಒಬ್ಬನಾದರೂ ತನ್ನ ಭಾಗವನ್ನು ಪ್ರಾಮಾಣಿಕವಾಗಿ ನಾಶಮಾಡಿದ್ದರೆ ಗುಟ್ಟು ಯಾರಿಗೂ ದಕ್ಕದು. ಕಾವಲು ಇಷ್ಟು ಬಿಗಿಯಾಗಿದ್ದರೂ ಲೋಪ ಬೇರೆ ಕಡೆಯಿಂದ ಬಂದಿತು. ಆಧಾರವಾಗಿದ್ದ ಸಂಶೋಧನ ಲೇಖನದ ವಿಧಾನದಲ್ಲಿಯೇ, ಪ್ರಕಟವಾಗಬಾರದ ಕೆಲವು ಮೌಲ್ಯಗಳು ಪ್ರಕಟವಾಗುತ್ತಿದ್ದವು. ಅವನ್ನು ಬಳಸಿ ಸುಳ್ಳು ಪ್ರಮಾಣವನ್ನು, ಅಂದರೆ ಕೂಟನಾಣ್ಯವನ್ನು, ಸೃಷ್ಟಿಸಬಹುದಾಗಿತ್ತು. ಅನೇಕ ತಜ್ಞರ ಕಣ್ಣು ತಪ್ಪಿಸಿಕೊಂಡಿದ್ದ ಈ ದೋಷವನ್ನು ಜೀಕ್ಯಾಶ್ ಸಂಸ್ಥೆಯವರೇ ಆದ ಏರಿಯಲ್ ಗಾಬಿಜಾನ್ ೨೦೧೮ರ ಮಾರ್ಚಿಯಲ್ಲಿ ಕಂಡುಹಿಡಿದರು. ಅದೇ ಅಕ್ಟೋಬರಿನ ಪರಿಷ್ಕರಣದಲ್ಲಿ ಅದು ಸರಿಹೋಯಿತು. ಲೋಕಕ್ಕೆ ತಿಳಿದದ್ದು ೨೦೧೯ರ ಫೆಬ್ರವರಿಯಲ್ಲಿ.

ಈ ನಡುವೆ ಯಾರಾದರೂ ಕೂಟನಾಣ್ಯವನ್ನು ಅಚ್ಚುಮಾಡಿದ್ದರೆ? ಅಂಥ ಯಾವ ಕುರುಹೂ ಕಾಣಲಿಲ್ಲವೆಂದು ಸಂಸ್ಥೆ ಹೇಳಿತು. ಆದರೆ ಎಲ್ಲವನ್ನೂ ಮರೆಮಾಡುವ ಪುಸ್ತಕದಲ್ಲಿ ಕಳ್ಳನ ಕುರುಹೂ ಮರೆಯಾಗುತ್ತದೆ; ಇತಿಹಾಸಕಾರನಿಗೆ ಇದಕ್ಕಿಂತ ದುರ್ಗಮವಾದ ದಾಖಲೆ ಮತ್ತೊಂದಿಲ್ಲವೆಂದು ನನ್ನ ಭಾವನೆ.

೨೦೧೮ರಲ್ಲಿ ಎಲಿ ಬೆನ್-ಸಾಸನ್ ಮತ್ತು ಸಂಗಡಿಗರು ಪ್ರಕಟಿಸಿದ ಸ್ಟಾರ್ಕ್ ಎಂಬ ವಿಧಾನದಲ್ಲಿ ಇಂಥ ಗುಪ್ತಬಿಂದುವೇ ಬೇಕಾಗಿಲ್ಲ. ಪರೀಕ್ಷೆಯ ಬಿಂದುಗಳನ್ನು ವಾದಿಯ ಲಿಖಿತದಿಂದಲೇ ಹ್ಯಾಷ್ ಎಂಬ ಕ್ರಿಯೆ ಹೊರಡಿಸುತ್ತದೆ. ಪ್ರಮಾಣದ ಗಾತ್ರ ಮಾತ್ರ ದೊಡ್ಡದಾಗುತ್ತದೆ. ಯಾವ ವಿಧಾನವಾದರೂ ಸರಿ, ಅದು ಸಾಧಿಸುವುದು ಲೆಕ್ಕದ ಶುದ್ಧಿಯನ್ನು. ಲೆಕ್ಕಕ್ಕೆ ಹೊರಗಿನಿಂದ ಒದಗಿಸಿದ ಸಂಗತಿ ನಿಜವೇ ಎಂಬುದನ್ನಲ್ಲ.

ಜೀಕ್ಯಾಶ್‌ನ ಹಳೆಯ ಗುಪ್ತನಿಧಿಗೆ ಒಳಹೋದ ಮತ್ತು ಅದರಿಂದ ಹೊರಬಂದ ಮೊತ್ತಗಳು ಬಹಿರಂಗವಾಗಿ ದಾಖಲಾಗುತ್ತವೆ. ಒಳಹೋದುದಕ್ಕಿಂತ ಹೆಚ್ಚು ಎಂದಾದರೂ ಹೊರಬರಲು ಹವಣಿಸಿದರೆ ಆಗ ಕೂಟನಾಣ್ಯ ಬಯಲಾಗುವುದು. ನಿಧಿಯಲ್ಲಿ ನಾಣ್ಯ ಉಳಿದಿರುವವರೆಗೆ ಆ ಲೆಕ್ಕ ಮುಗಿಯುವಂತಿಲ್ಲ.