ಶಿಶಿರದ ಕೊನೆಯಲ್ಲಿ ಕೈತೋಟ: ಬಿಸಿಲೇರುವ ಮುನ್ನ ಮುಗಿಸಬೇಕಾದ ಕೆಲಸಗಳು

ಬೆಂಗಳೂರು: ಶಿವರಾತ್ರಿಗೆ ಚಳಿಯು ‘ಶಿವ ಶಿವ’ ಎನ್ನುತ್ತ ಹೊರಟುಹೋಗುತ್ತದೆ ಎಂಬುದು ನಾಡಿನ ಹಳೆಯ ಮಾತು. ಪಂಚಾಂಗದ ಪ್ರಕಾರ ಶಿಶಿರದ ನಂತರ ಬರುವುದು ವಸಂತ. ಆದರೆ ಬಯಲುಸೀಮೆಯ ನಗರಗಳಲ್ಲಿ ವಸಂತವೆಂದರೆ ಬೇಸಿಗೆಯ ಹೊಸ್ತಿಲು. ಆದುದರಿಂದ ಜನವರಿಯ ಉತ್ತರಾರ್ಧದಿಂದ ಫೆಬ್ರವರಿ ಅಂತ್ಯದವರೆಗಿನ ಅವಧಿಯು ಕೈತೋಟ ಹಾಗೂ ತಾರಸಿ ತೋಟಗಳ ಪಾಲಿಗೆ ನಿರ್ಣಾಯಕವಾದುದು.

ಇದು ಕೇವಲ ಹೂವಿನ ಪ್ರಶ್ನೆಯಲ್ಲ, ನೀರಿನ ಪ್ರಶ್ನೆಯೂ ಹೌದು. ತಂಪು ಹವೆಯ ಬೆಂಗಳೂರಿನಲ್ಲಿಯೇ 2016ರ ಏಪ್ರಿಲ್‌ನಲ್ಲಿ ಉಷ್ಣಾಂಶ 39.2 ಡಿಗ್ರಿ ಸೆಲ್ಸಿಯಸ್ ತಲುಪಿತ್ತು. 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ತೀವ್ರವಾದಾಗ, ಕೈತೋಟಕ್ಕೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿದ ಜಲಮಂಡಳಿಯು ತಪ್ಪಿದವರಿಗೆ 5,000 ರೂ. ದಂಡ ನಿಗದಿಪಡಿಸಿತು. 2025ರ ಫೆಬ್ರವರಿಯಲ್ಲಿಯೂ ಇಂಥದೇ ಆದೇಶ ಹೊರಬಿದ್ದಿತು. ಕಡಿಮೆ ನೀರಿನಲ್ಲಿ ಗಿಡ ಬದುಕಬೇಕಾದರೆ ಸಿದ್ಧತೆ ಈಗಲೇ ಆಗಬೇಕು.

ಸವರುವ ಕಾಲ

ಮಲ್ಲಿಗೆಯು ಹೊಸ ಚಿಗುರಿನಲ್ಲಿ ಮೊಗ್ಗು ಬಿಡುವ ಗಿಡ. ಕೆಲವು ದಿನ ನೀರು ತಡೆಹಿಡಿದು, ಜನವರಿ ಮುಗಿಯುವುದರೊಳಗೆ ನೆಲದಿಂದ ಸುಮಾರು ಒಂದೂವರೆ ಅಡಿ ಎತ್ತರಕ್ಕೆ ಸವರಿ, ಬುಡಕ್ಕೆ ಗೊಬ್ಬರ ನೀಡಿ ನೀರುಣಿಸಿದರೆ ಬೇಸಿಗೆಯ ಆರಂಭದಿಂದಲೇ ಹೂವು ಲಭ್ಯ. ದಾಸವಾಳ ಮತ್ತು ಕರಿಬೇವಿನ ಒಣಗಿದ, ಒತ್ತಾಗಿ ಬೆಳೆದ ರೆಂಬೆಗಳನ್ನೂ ಈಗ ತೆಗೆಯಬಹುದು. ಎಲೆಗಳು ಕಡಿಮೆಯಾದಷ್ಟೂ ಗಿಡದಿಂದ ಆವಿಯಾಗುವ ನೀರು ಕಡಿಮೆ. ಹಿಟ್ಟುತಿಗಣೆ ಅಡಗುವ ತಾಣಗಳೂ ಇಲ್ಲವಾಗುತ್ತವೆ.

ಎಲ್ಲ ಗಿಡಗಳಿಗೂ ಕತ್ತರಿ ಸಲ್ಲದು. ಮೊಗ್ಗು ತುಂಬಿದ ಕಾಗದದ ಹೂವಿನ ಬಳ್ಳಿಯನ್ನು ಹೂವು ಮುಗಿದ ನಂತರವೇ ಸವರಬೇಕು. ಹೂಬಿಟ್ಟ ಮಾವಿನ ಮರದ ರೆಂಬೆ ಕಡಿದರೆ ಆ ವರ್ಷದ ಫಸಲನ್ನೇ ಕಡಿದಂತೆ. ಹೂವು ಅರಳಿರುವಾಗ ಕೀಟನಾಶಕ ಸಿಂಪಡಿಸಿದರೆ ಪರಾಗಸ್ಪರ್ಶ ನಡೆಸುವ ನೊಣ, ಜೇನುಗಳು ಸಾಯುತ್ತವೆ. ಕಾಯಿ ಬಟಾಣಿ ಗಾತ್ರಕ್ಕೆ ಬಂದ ಬಳಿಕ ಮರಕ್ಕೆ ನೀರು ಆರಂಭಿಸುವುದು ಸೂಕ್ತ.

ಮಣ್ಣಿಗೆ ಹೊದಿಕೆ

ಕುಂಡದ ಮೇಲ್ಮಣ್ಣನ್ನು ಬೇರಿಗೆ ಪೆಟ್ಟಾಗದಂತೆ ಸಡಿಲಿಸಿ, ಒಂದೆರಡು ಹಿಡಿ ಎರೆಹುಳು ಗೊಬ್ಬರ ಬೆರೆಸಬೇಕು. ಹೊಸ ಕುಂಡಗಳಿಗೆ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ ಹದವಾದ ಮಿಶ್ರಣ. ನಾರಿನ ಪುಡಿಯು ತೇವವನ್ನು ಹಿಡಿದಿಡುತ್ತದೆ.

ಇದೇ ದಿನಗಳಲ್ಲಿ ಬೀದಿಬದಿಯ ಮರಗಳು ಎಲೆ ಉದುರಿಸುತ್ತವೆ. ಗುಡಿಸಿ ಸುಡುವ ಈ ತರಗೆಲೆಯೇ ತೋಟದ ಸಂಪತ್ತು. ಗಿಡದ ಸುತ್ತ ಎರಡು ಅಂಗುಲ ದಪ್ಪ ಹರಡಿದರೆ ಬಿಸಿಲು ಮಣ್ಣನ್ನು ನೇರವಾಗಿ ಸುಡುವುದಿಲ್ಲ, ತೇವ ಬೇಗ ಆರುವುದಿಲ್ಲ. ಆದರೆ ಕಾಂಡಕ್ಕೆ ತಾಗುವಂತೆ ಹಾಕಿದರೆ ಬುಡ ಕೊಳೆಯುವ ಅಪಾಯವಿದೆ.

ಬಿತ್ತನೆಯ ಆಯ್ಕೆ

ಎಲೆಕೋಸು, ಬಟಾಣಿಗಳ ಕಾಲ ಮುಗಿಯಿತು. ಬೆಂಡೆ, ಅಲಸಂದೆ, ಹೀರೆ, ಹಾಗಲ, ಸೌತೆ, ದಂಟು, ಹರಿವೆಗಳು ಬಿಸಿಲನ್ನು ಸಹಿಸಬಲ್ಲವು. ಗಟ್ಟಿ ಸಿಪ್ಪೆಯ ಹಾಗಲ ಬೀಜವನ್ನು ರಾತ್ರಿಯಿಡೀ ನೆನೆಸಿ ಬಿತ್ತಿದರೆ ಬೇಗ ಮೊಳೆಯುತ್ತದೆ. ಕಲಬುರಗಿ, ರಾಯಚೂರು, ಬಳ್ಳಾರಿಗಳಲ್ಲಿ ಬಿಸಿಲು ಬೇಗ ಏರುವುದರಿಂದ ಬಿತ್ತನೆ ತಡಮಾಡುವಂತಿಲ್ಲ. ತಾರಸಿಯ ಎಳೆಯ ಸಸಿಗಳಿಗೆ ಶೇ 50ರಷ್ಟು ನೆರಳು ನೀಡುವ ಹಸಿರು ಪರದೆ ಸಾಕಾಗುತ್ತದೆ.

ನೀರಿನ ಲೆಕ್ಕಾಚಾರ

ಅಕ್ಕಿ, ತರಕಾರಿ ತೊಳೆದ ನೀರು ಗಿಡಕ್ಕೆ ಯೋಗ್ಯ. ಸೋಪಿನಪುಡಿ ಬೆರೆತ ನೀರು ಸಲ್ಲದು. ಶುದ್ಧೀಕರಣ ಯಂತ್ರ ಹೊರಬಿಡುವ ನೀರಿನಲ್ಲಿ ಲವಣಾಂಶ ಹೆಚ್ಚಿರುವುದರಿಂದ ಅದನ್ನೇ ನಿತ್ಯ ಹಾಕುವುದು ಹಾನಿಕರ. ಬಣ್ಣ ಬಳಿಯದ ಮಣ್ಣಿನ ಕುಡಿಕೆಯನ್ನು ಕತ್ತಿನವರೆಗೆ ಹೂತು ನೀರು ತುಂಬಿಟ್ಟರೆ, ಅದು ನಿಧಾನವಾಗಿ ಜಿನುಗಿ ಬೇರನ್ನು ತಲುಪುತ್ತದೆ.

ನೀರುಣಿಸಲು ಮುಂಜಾನೆ ಪ್ರಶಸ್ತ. ದಿನವೂ ಮೇಲಷ್ಟೇ ಚಿಮುಕಿಸಿದರೆ ಬೇರು ಮೇಲ್ಪದರದಲ್ಲಿಯೇ ಉಳಿಯುತ್ತದೆ. ನೆಲದ ಗಿಡಗಳಿಗೆ ಅಂತರ ಕೊಟ್ಟು ಆಳವಾಗಿ ಉಣಿಸಿದರೆ ಬೇರು ಕೆಳಗಿಳಿಯುತ್ತದೆ. ಈ ಅಭ್ಯಾಸವನ್ನು ಹವೆ ತಂಪಾಗಿರುವಾಗಲೇ ಆರಂಭಿಸಿದರೆ, ನೀರಿಗೆ ತತ್ವಾರ ಬಂದಾಗಲೂ ಗಿಡ ತಡೆದುಕೊಳ್ಳಬಲ್ಲದು.