ಹಳೆಯ ಓಟದ ಮೋಟಾರಿನ ಶ್ರುತಿ

ಅಂಬಾಸಡರ್ ಮೋಟಾರಿನಲ್ಲಿ ಒಮ್ಮೆಯಾದರೂ ಕುಳಿತು ಮದುವೆಗೋ ರೈಲು ನಿಲ್ದಾಣಕ್ಕೋ ಹೋಗದ ಗೃಹಸ್ಥರು ನಮ್ಮಲ್ಲಿ ವಿರಳ. ೨೦೧೪ರಲ್ಲಿ ತಯಾರಿಕೆ ನಿಂತುಹೋದ ಆ ಗಾಡಿಯಲ್ಲಿ ಬಹುಕಾಲ ದುಡಿದ ೧೪೮೯ ಘನ ಸೆಂಟಿಮೀಟರಿನ ಪೆಟ್ರೋಲು ಎಂಜಿನು, ಇಂಗ್ಲೆಂಡಿನ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನವರು 'ಬಿ' ವರ್ಗವೆಂದು ಕರೆದ ಒಂದು ವಂಶಕ್ಕೆ ಸೇರಿದುದು. ಅದೇ ವಂಶದ ಇನ್ನೊಂದು ಕುಡಿ, ೧೭೯೮ ಘನ ಸೆಂಟಿಮೀಟರಿನದು, 'ಎಂ. ಜಿ. ಬಿ.' ಎಂಬ ವಿಲಾಸದ ಗಾಡಿಗೆ ಪ್ರಾಣವಾಯಿತು. ಆಕ್ಸ್‌ಫರ್ಡಿಗೆ ಸಮೀಪದ ಆಬಿಂಗ್ಡನ್ ಪಟ್ಟಣದಲ್ಲಿ ೧೯೬೨ರಿಂದ ೧೯೮೦ರವರೆಗೆ, ಮೇಲ್ಛಾವಣಿಯಿರುವ ಮಾದರಿಯೂ ಸೇರಿ, ಇಂಥವು ಐದು ಲಕ್ಷಕ್ಕೂ ಮಿಕ್ಕಿ ತಯಾರಾದುವು. ನಮ್ಮ ಊರಿನಲ್ಲಿ ಮದುವೆಯ ದಿಬ್ಬಣವನ್ನು ಹೊತ್ತ ಎಂಜಿನಿನ ದಾಯಾದಿಯೇ ಆ ದೇಶದಲ್ಲಿ ಪಂದ್ಯದ ಕಣದಲ್ಲಿ ಓಡಿತೆಂದರೆ ವಾಚಕರಿಗೆ ಸೋಜಿಗವಾಗಬಹುದು.

ಓಡಿತು ಮಾತ್ರವೇ ಅಲ್ಲ, ಈಗಲೂ ಓಡುತ್ತಿದೆ. ೧೯೬೩ರಲ್ಲಿ ಫ್ರಾನ್ಸಿನ ಲ ಮಾನ್ಸ್ ಎಂಬಲ್ಲಿ ನಡೆದ ೨೪ ಗಂಟೆಗಳ ಪಂದ್ಯದಲ್ಲಿ ಇಂಥದೊಂದು ಗಾಡಿ ಮರಳಿನಲ್ಲಿ ಹೂತು, ಅದನ್ನು ತೋಡಿ ತೆಗೆಯುವುದಕ್ಕೆ ಒಂದು ಗಂಟೆಗೂ ಹೆಚ್ಚು ಕಾಲ ಹಿಡಿದರೂ ೧೨ನೆಯ ಸ್ಥಾನದಲ್ಲಿ ಗುರಿ ಮುಟ್ಟಿತು. ೧೯೬೬ರಲ್ಲಿ ಜರ್ಮನಿಯ ನ್ಯೂರ್‌ಬರ್ಗ್‌ರಿಂಗಿನಲ್ಲಿ ೮೪ ಗಂಟೆಗಳ ಓಟವನ್ನು ಇಂಥದೇ ಇನ್ನೊಂದು ಗೆದ್ದಿತು. ಆ ಪೀಳಿಗೆಯ ಗಾಡಿಗಳನ್ನು ಇಂದಿಗೂ ಸಿಲ್ವರ್‌ಸ್ಟೋನ್, ಬ್ರಾಂಡ್ಸ್ ಹ್ಯಾಚ್ ಮೊದಲಾದ ಕಣಗಳಿಗೆ ವಾರದ ಕೊನೆಯಲ್ಲಿ ತಂದು ಓಡಿಸುವವರಿದ್ದಾರೆ. ಅವರಲ್ಲಿ ಧನಿಕರು ಇಲ್ಲವೆಂದಲ್ಲ. ಆದರೆ ತಮ್ಮ ಮನೆಯ ಪಕ್ಕದ ಕೊಟ್ಟಿಗೆಯಲ್ಲಿ ರಾತ್ರಿ ದೀಪ ಹಚ್ಚಿಕೊಂಡು ತಾವೇ ಸ್ಪ್ಯಾನರು ಹಿಡಿಯುವ ಸಾಧಾರಣ ಸಂಸಾರಿಗಳೂ ಉಂಟು.

ಯಂತ್ರವನ್ನು ಪಂದ್ಯಕ್ಕೆ ಸಜ್ಜುಗೊಳಿಸುವುದಕ್ಕೆ ಇಂಗ್ಲಿಷಿನಲ್ಲಿ 'ಟ್ಯೂನಿಂಗ್' ಎಂದು ಹೆಸರು. ವೀಣೆಯ ತಂತಿಗಳನ್ನು ಹೊಂದಿಸುವುದಕ್ಕೂ ಅದೇ ಶಬ್ದ. ನಮ್ಮ ಗ್ಯಾರೇಜಿನವರೂ ಆ ಶಬ್ದವನ್ನೇ ಬಳಸುತ್ತಾರೆ. ಆದರೆ 'ಶ್ರುತಿ' ಎಂದರೆ ಅದಕ್ಕಿಂತ ಒಪ್ಪುತ್ತದೆಂದು ನನಗೆ ತೋರುತ್ತದೆ. ಶ್ರು ಎಂಬ ಧಾತುವಿಗೆ ಕೇಳುವುದೆಂದು ಅರ್ಥವಷ್ಟೆ. ಈ ಕೆಲಸದಲ್ಲಿ ಕಿವಿಗೆ ಎಷ್ಟು ಪ್ರಾಧಾನ್ಯವೆಂಬುದನ್ನು ಮುಂದೆ ನೋಡುವಿರಿ. ಜನರು ಸಾಮಾನ್ಯವಾಗಿ ತಿಳಿದಿರುವುದೇನೆಂದರೆ, ಪಂದ್ಯದ ಸಿದ್ಧತೆಯೆಂದರೆ ಎಂಜಿನಿಗೆ ಬಲ ತುಂಬುವುದು ಎಂದು. ಬಲವು ಬರುವುದು ಕಡೆಯಲ್ಲಿ. ಅದಕ್ಕೆ ಮೊದಲು ಬರತಕ್ಕದ್ದು ನಿಲ್ಲುವ ಶಕ್ತಿ; ಅನಂತರ ಬಿಡಿಭಾಗಗಳೊಳಗಿನ ಸಮತೆ.

ಬ್ರೇಕಿನ ಕೊಳವೆಗಳಲ್ಲಿರುವ ದ್ರವವು ಗಾಳಿಯೊಳಗಿನ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ಪೇಟೆಯಲ್ಲಿ ಓಡಾಡುವಾಗ ಅದರಿಂದ ಬಾಧಕವು ಬೇಗನೆ ತೋರದು. ಆದರೆ ಪಂದ್ಯದಲ್ಲಿ ಸುತ್ತು ಸುತ್ತಿಗೂ ಬ್ರೇಕು ಹಾಕಿ ತಟ್ಟೆಗಳು ಕಾದಾಗ, ತೇವ ಬೆರೆತ ದ್ರವವು ಕುದಿದು ಆವಿಯಾಗುತ್ತದೆ. ಆವಿಯು ಒತ್ತಿದರೆ ಕುಗ್ಗುವುದರಿಂದ ಕಾಲಿನ ಕೆಳಗಿನ ಪೆಡಲು ನೆಲಕ್ಕಿಳಿದರೂ ಗಾಡಿ ನಿಲ್ಲುವುದಿಲ್ಲ. ಆದುದರಿಂದ ಬಲ್ಲವರು ಎಂಜಿನಿನ ಮುಚ್ಚಳವನ್ನು ಎತ್ತುವುದಕ್ಕೆ ಮೊದಲೇ ಈ ದ್ರವವನ್ನು ಹೊಸದಾಗಿ ತುಂಬುತ್ತಾರೆ. ತರುವಾಯ ಚಕ್ರಗಳು. ತಂತಿಯ ಕಡ್ಡಿಗಳುಳ್ಳ ಚಕ್ರವಾದರೆ ಒಂದೊಂದು ಕಡ್ಡಿಯನ್ನೂ ಸಣ್ಣ ಸ್ಪ್ಯಾನರಿನಿಂದ ತಟ್ಟಿ ನೋಡುವ ವಾಡಿಕೆ. ಬಿಗಿಯಾದುದು ಖಣಿಲೆನ್ನುತ್ತದೆ, ಸಡಿಲವಾದುದು ಮಂಕಾಗಿ ಸದ್ದು ಮಾಡುತ್ತದೆ. ಮಡಕೆಯನ್ನು ಕೊಳ್ಳುವಾಗ ನಮ್ಮ ಗೃಹಿಣಿಯರು ಬೆರಳಿನಿಂದ ತಟ್ಟುವರಲ್ಲ, ಅದೇ ಪರೀಕ್ಷೆ.

ಎಣ್ಣೆಯ ವಿಚಾರವೂ ಇಷ್ಟೇ ಗಂಭೀರವಾದುದು. ಗಾಡಿಯು ವೇಗವಾಗಿ ತಿರುವನ್ನು ಹಾಯುವಾಗ ಎಂಜಿನಿನ ಅಡಿಯ ತೊಟ್ಟಿಯೊಳಗಿನ ಎಣ್ಣೆ ಒಂದು ಮಗ್ಗುಲಿಗೆ ಸರಿದುಬಿಡುತ್ತದೆ. ಆಗ ಎಣ್ಣೆಯನ್ನೆತ್ತುವ ಕೊಳವೆಯ ಬಾಯಿ ಗಾಳಿಯನ್ನು ಹೀರುತ್ತದೆ, ಬೇರಿಂಗುಗಳು ಒಣಗುತ್ತವೆ, ಕೆಲವು ಕ್ಷಣಗಳಲ್ಲೇ ಸಾವಿರಾರು ರೂಪಾಯಿಗಳ ಕೆಲಸ ಕೆಡುತ್ತದೆ. ತೊಟ್ಟಿಯೊಳಗೆ ತಗಡಿನ ಅಡ್ಡಗೋಡೆಗಳನ್ನು ಬೆಸೆಯುವುದೇ ಇದಕ್ಕೆ ಉಪಾಯ. ಇಲ್ಲಿ ಒಂದು ವಿನೋದದ ಸಂಗತಿಯನ್ನು ಹೇಳಬಹುದು. ಹಿಂದಿನ ಕಾಲದ ಓಟದ ಎಂಜಿನುಗಳಿಗೆ ಬಹುವಾಗಿ ಹಾಕುತ್ತಿದ್ದುದು ನಮ್ಮ ಹರಳೆಣ್ಣೆಯನ್ನೇ! ೧೯೦೯ರಲ್ಲಿ ವೇಕ್‌ಫೀಲ್ಡರ ಕಂಪೆನಿಯವರು 'ಕ್ಯಾಸ್ಟ್ರಾಲ್' ಎಂಬ ಹೆಸರನ್ನಿಟ್ಟುದು ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದಲೇ. ಕಾವಿಗೆ ಅದು ಜಗ್ಗದು. ಆದರೆ ಬಿಟ್ಟರೆ ಅಂಟಾಗಿ ಕಟ್ಟಿಕೊಳ್ಳುತ್ತದೆ. ಆದಕಾರಣ ಓಟ ಮುಗಿದೊಡನೆ ಬಸಿದು ತೆಗೆಯಬೇಕಾಗುತ್ತಿತ್ತು. ಹಳೆಯ ಗಾಡಿಗಳ ಕೂಟಗಳಲ್ಲಿ ಅದರ ಹೊಗೆಯ ವಾಸನೆಯನ್ನು ಆಘ್ರಾಣಿಸಿ ಸಂತೋಷಪಡುವವರಿದ್ದಾರಂತೆ. ಬಾಲ್ಯದಲ್ಲಿ ಅದನ್ನು ಬಲವಂತವಾಗಿ ಕುಡಿದ ನಮ್ಮಂಥವರಿಗೆ ಆ ಸಂತೋಷ ದೂರ.

ಇನ್ನು ಎಂಜಿನು. ಇದರ ನಾಲ್ಕು ಸಿಲಿಂಡರುಗಳಿಗೆ ಎಂಟು ವಾಲ್ವುಗಳು, ಎಂದರೆ ಕವಾಟಗಳು. ಕವಾಟದ ತುದಿಗೂ ಅದನ್ನು ಒತ್ತುವ ಸನ್ನೆಗೂ ನಡುವೆ, ಎಂಜಿನು ತಣ್ಣಗಿರುವಾಗ, ಅಂಗುಲದ ಸಾವಿರದಲ್ಲಿ ೧೫ ಭಾಗದಷ್ಟು ಸಂದಿರಬೇಕೆಂದು ಗಾಡಿಯೊಡನೆ ಬಂದ ಕೈಪಿಡಿ ವಿಧಿಸುತ್ತದೆ. ಸಂದು ಕಡಮೆಯಾದರೆ ಕವಾಟವು ಪೂರ್ತಿ ಮುಚ್ಚದೆ ಸುಡುತ್ತದೆ. ಹೆಚ್ಚಾದರೆ ಟಕಟಕ ಸದ್ದು, ಬಲವೂ ನಷ್ಟ. ಯಾವುದನ್ನು ಯಾವಾಗ ಅಳೆಯಬೇಕೆಂಬುದಕ್ಕೆ ಒಂದು ಸೊಗಸಾದ ಸೂತ್ರವುಂಟು. ಪೂರ್ತಿ ತೆರೆದಿರುವ ಕವಾಟದ ಸಂಖ್ಯೆಯನ್ನು ೯ರಿಂದ ಕಳೆದರೆ ಉಳಿಯುವ ಸಂಖ್ಯೆಯ ಕವಾಟವನ್ನು ಆಗ ಸರಿಪಡಿಸತಕ್ಕದ್ದು. ೮ನೆಯದು ತೆರೆದಿದ್ದರೆ ೧ನೆಯದನ್ನು, ೩ನೆಯದು ತೆರೆದಿದ್ದರೆ ೬ನೆಯದನ್ನು. ಎಂಟು ಕವಾಟಗಳ ಅದೇ ವಂಶದ ನಮ್ಮ ಅಂಬಾಸಡರ್ ಎಂಜಿನಿಗೂ ಈ ಸೂತ್ರವು ಅನ್ವಯಿಸುತ್ತದೆ.

ಎಲ್ಲಕ್ಕಿಂತ ರಸವತ್ತಾದುದು ಕಾರ್ಬೊರೇಟರು, ಅಂದರೆ ಪೆಟ್ರೋಲನ್ನು ಗಾಳಿಯೊಡನೆ ಹದವಾಗಿ ಬೆರಸುವ ಪಾತ್ರೆ. ಎಂ. ಜಿ. ಬಿ. ಗಾಡಿಗೆ ಇವು ಎರಡು, ಹೆಸರು 'ಎಸ್. ಯು.', ಎಂದರೆ ಸ್ಕಿನ್ನರ್ ಯೂನಿಯನ್. ಇದನ್ನು ೧೯೦೫ರ ಸುಮಾರಿಗೆ ಕಲ್ಪಿಸಿದ ಜಾರ್ಜ್ ಸ್ಕಿನ್ನರನು ಪಾದರಕ್ಷೆಗಳ ವ್ಯಾಪಾರದ ಮನೆತನದವನು. ಆದುದರಿಂದಲೋ ಏನೋ, ಅವನ ಮೊದಲ ಕಾರ್ಬೊರೇಟರಿನಲ್ಲಿದ್ದುದು ಕಮ್ಮಾರನ ತಿದಿಯಂಥ ತೊಗಲಿನ ಚೀಲ! ಕಾಲಕ್ರಮದಲ್ಲಿ ತೊಗಲು ಹೋಗಿ ಲೋಹದ ಪಿಸ್ಟನು ಬಂದಿತು. ತತ್ತ್ವ ಮಾತ್ರ ಬದಲಾಗಲಿಲ್ಲ. ಎಂಜಿನು ಹೆಚ್ಚು ಗಾಳಿಯನ್ನು ಬೇಡಿದಷ್ಟೂ ಪಿಸ್ಟನು ತಾನಾಗಿ ಮೇಲೇಳುತ್ತದೆ. ಅದರ ಬುಡದಲ್ಲಿ ತುದಿಗೆ ಸಣ್ಣಗಾಗುತ್ತ ಬರುವ ಸೂಜಿಯೊಂದು ಪೆಟ್ರೋಲಿನ ರಂಧ್ರದೊಳಗೆ ನಿಂತಿರುತ್ತದೆ. ಪಿಸ್ಟನು ಎದ್ದಂತೆ ಸೂಜಿಯೂ ಎದ್ದು ರಂಧ್ರದ ಅವಕಾಶ ಹಿಗ್ಗಿ, ಗಾಳಿಗೆ ತಕ್ಕ ಪೆಟ್ರೋಲು ಒದಗುತ್ತದೆ. ಸೂಜಿಯ ದಪ್ಪವನ್ನು ಅಂಗುಲದ ಎಂಟನೆಯ ಒಂದು ಭಾಗಕ್ಕೊಮ್ಮೆ ಅಳೆದು ಪಟ್ಟಿ ಮಾಡಿರುತ್ತಾರೆ. ಒಂದೊಂದು ಸೂಜಿಗೂ ಅಕ್ಷರದ ಅಥವಾ ಅಂಕಿಯ ಹೆಸರುಂಟು.

ಈ ಎಂಜಿನಿನಲ್ಲಿ ನಾಲ್ಕು ಸಿಲಿಂಡರುಗಳಿಗೆ ಉಸಿರು ಹೋಗುವ ಬಾಗಿಲುಗಳು ಎರಡೇ. ಮುಂದಿನ ಜೋಡಿಗೆ ಒಂದು, ಹಿಂದಿನ ಜೋಡಿಗೆ ಇನ್ನೊಂದು, ಬಾಗಿಲಿಗೊಂದರಂತೆ ಕಾರ್ಬೊರೇಟರು. ಎರಡೂ ಸಮನಾಗಿ ಉಸಿರಾಡದಿದ್ದರೆ ಎರಡು ಸಿಲಿಂಡರುಗಳು ಎಳೆಯುತ್ತವೆ, ಉಳಿದೆರಡು ಎಳೆಸಿಕೊಳ್ಳುತ್ತವೆ. ಜೋಡೆತ್ತಿನಲ್ಲಿ ಒಂದು ಕುಂಟಿದಂತೆ.

ಬರ್ಮಿಂಗ್‌ಹ್ಯಾಮಿನಲ್ಲಿ ನೆಲಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಇಂಥ ಗಾಡಿಯೊಂದನ್ನು ಸಾಕಿಕೊಂಡಿದ್ದಾನೆ. ನಾನು ಅವನ ಮನೆಯಲ್ಲಿ ಕೆಲವು ದಿನ ಅತಿಥಿಯಾಗಿದ್ದಾಗ ಅವನು ಎಂಜಿನನ್ನು ಚೆನ್ನಾಗಿ ಕಾಯಿಸಿ, ಎರಡು ಕಾರ್ಬೊರೇಟರುಗಳನ್ನು ಕೂಡಿಸುವ ಸಲಾಕೆಯ ಮೊಳೆಯನ್ನು ಸಡಿಲಿಸಿ, ಮೊಳದುದ್ದದ ರಬ್ಬರು ಕೊಳವೆಯೊಂದನ್ನು ನನ್ನ ಕೈಗಿತ್ತನು. "ಮೇಷ್ಟ್ರೇ, ಒಂದು ತುದಿಯನ್ನು ಕಿವಿಗೆ ಹಿಡಿದುಕೊಳ್ಳಿ, ಇನ್ನೊಂದು ತುದಿಯನ್ನು ನಾನು ಇದರ ಬಾಯಿಗೆ ಹಿಡಿಯುತ್ತೇನೆ. ಎರಡರ ಸದ್ದೂ ಒಂದೇ ಆಗಿದೆಯೇ ಹೇಳಿ," ಎಂದನು. ಒಂದರಲ್ಲಿ ಬುಸ್ಸೆನ್ನುವ ದಪ್ಪ ಸದ್ದು, ಇನ್ನೊಂದರಲ್ಲಿ ತೆಳುವಾದ ಸಿಳ್ಳು. ಅವನು ತಿರುಪನ್ನು ಕೂದಲೆಳೆಯಷ್ಟು ತಿರುಗಿಸುವನು, ನಾನು ಕೇಳುವೆನು. ಮತ್ತೆ ತಿರುಗಿಸುವನು, ಮತ್ತೆ ಕೇಳುವೆನು. ಸುಮಾರು ಕಾಲು ಗಂಟೆಯ ಮೇಲೆ ಎರಡೂ ಒಂದೇ ಸ್ವರಕ್ಕೆ ಬಂದುವು. ಆಗ ಎಂಜಿನಿನ ನಡುಕವೇ ಇಳಿದುದು ನಿಂತ ನೆಲಕ್ಕೆ ತಿಳಿಯಿತು. ಗಾಳಿಯ ಹರಿವನ್ನು ತೋರಿಸುವ ಮಾಪಕಗಳೂ ಪೇಟೆಯಲ್ಲಿ ದೊರೆಯುತ್ತವೆ, ಅವನಲ್ಲಿಯೂ ಒಂದಿತ್ತು. ಅದನ್ನು ಅವನು ತಾಳೆ ನೋಡುವುದಕ್ಕೆ ಮಾತ್ರ ಇಟ್ಟುಕೊಂಡಿದ್ದನು.

ಗಾಳಿ ಸಮವಾದ ಮೇಲೆ ಬೆರಕೆಯ ಹದ. ಪಿಸ್ಟನನ್ನು ಅಂಗುಲದ ಮೂವತ್ತೆರಡನೆಯ ಒಂದು ಭಾಗದಷ್ಟು ಮೆಲ್ಲಗೆ ಎತ್ತಬೇಕು. ಎಂಜಿನು ವೇಗವೇರಿ ಹಾಗೆಯೇ ಓಡಿದರೆ ಪೆಟ್ರೋಲು ಹೆಚ್ಚಾಗಿದೆಯೆಂದು ಅರ್ಥ. ತಡವರಿಸಿ ನಿಲ್ಲುವಂತಾದರೆ ಕಡಮೆ. ಕ್ಷಣಕಾಲ ತುಸುವೇ ಏರಿ ಮೊದಲಿನಂತಾದರೆ ಸರಿ. ರಂಧ್ರದ ಕೆಳಗಿನ ಆರು ಮುಖದ ನಟ್ಟನ್ನು ಒಂದು ಸಲಕ್ಕೆ ಒಂದು ಮುಖದಷ್ಟೇ ತಿರುಗಿಸತಕ್ಕದ್ದು. ಅವಸರಪಟ್ಟವರು ಕೆಟ್ಟರು.

ಇದೇ ಎಸ್. ಯು. ಕಂಪೆನಿಯ ಕಾರ್ಬೊರೇಟರುಗಳು ಎರಡನೆಯ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನಗಳಲ್ಲಿಯೂ ಇದ್ದುವು. ವಿಮಾನವು ಥಟ್ಟನೆ ಮೂಗು ಬಗ್ಗಿಸಿದರೆ ಎಂಜಿನು ಉಸಿರು ಕಟ್ಟುತ್ತಿತ್ತು. ೧೯೪೧ರಲ್ಲಿ ನಡುವೆ ರಂಧ್ರವಿರುವ ಪುಟ್ಟ ಲೋಹದ ಬಿಲ್ಲೆಯೊಂದರಿಂದ ಆ ದೋಷವನ್ನು ಬಹುಮಟ್ಟಿಗೆ ಅಡಗಿಸಿದವರು ಬಿಯಾಟ್ರಿಸ್ ಷಿಲ್ಲಿಂಗ್ ಎಂಬ ಮಹಿಳೆ. ಅವರು ಯುದ್ಧಕ್ಕೆ ಮೊದಲು ಬ್ರೂಕ್‌ಲ್ಯಾಂಡ್ಸ್ ಕಣದಲ್ಲಿ ಮೋಟಾರು ಸೈಕಲನ್ನು ಗಂಟೆಗೆ ೧೦೦ ಮೈಲಿಗೂ ಮೀರಿ ಓಡಿಸಿದವರು. ಯುದ್ಧಾನಂತರ ಗಂಡನೊಡನೆ ಓಟದ ಮೋಟಾರುಗಳನ್ನು ಹಿಡಿದವರು. ಯಂತ್ರವಿದ್ಯೆ ಗಂಡಸರ ಸೊತ್ತೆಂದು ತಿಳಿದವರ ಗಮನಕ್ಕೆ ಇಷ್ಟನ್ನು ಬರೆದೆನು.

ಕಣದಲ್ಲಿ ಪೂರ್ಣವೇಗದಲ್ಲಿ ಹದ ಹೇಗಿದೆಯೆಂಬುದನ್ನು ಸ್ಪಾರ್ಕ್ ಪ್ಲಗ್ಗು ಹೇಳುತ್ತದೆ. ವೇಗವಾಗಿ ಓಡಿಸುತ್ತಿರುವಾಗಲೇ ಕಿಡಿಯನ್ನು ನಿಲ್ಲಿಸಿ, ಎಂಜಿನಿನ ಹಿಡಿತ ಬಿಡಿಸಿ, ಗಾಡಿ ತಾನಾಗಿ ನಿಂತಮೇಲೆ ಪ್ಲಗ್ಗನ್ನು ಬಿಚ್ಚಿ ನೋಡುತ್ತಾರೆ. ಕರಿ ಮಸಿ ಹಿಡಿದಿದ್ದರೆ ಪೆಟ್ರೋಲು ಅತಿಯಾಯಿತು. ತಿಳಿಗಂದು ಬಣ್ಣವಾದರೆ ಲೇಸು. ಬೆಳ್ಳಗಿದ್ದರೆ ಪೆಟ್ರೋಲು ಸಾಲದು. ಇದೇ ಅಪಾಯದ ಬಣ್ಣ. ಕಾವೇರಿ ಪಿಸ್ಟನಿನ ತಲೆಯೇ ಕರಗಿ ತೂತಾಗಬಹುದು. ಆದುದರಿಂದ ಸಂದೇಹ ಬಂದಲ್ಲಿ ಪೆಟ್ರೋಲಿನ ಕಡೆಗೆ ವಾಲುವುದೇ ಜಾಣತನ.

ಬಲವನ್ನು ಹೆಚ್ಚಿಸುವ ಮಾರ್ಗಗಳೂ ಇವೆ. ಎಂಜಿನಿನ ತಲೆಯನ್ನು ಅರೆದು ಒತ್ತಡವನ್ನು ಏರಿಸುವುದು, ಗಾಳಿಯ ದಾರಿಗಳನ್ನು ಹರವುಗೊಳಿಸುವುದು, ಕವಾಟಗಳು ಹೆಚ್ಚು ಹೊತ್ತು ತೆರೆದಿರುವಂತೆ ಮಾಡುವುದು ಇತ್ಯಾದಿ. ೯೫ ಕುದುರೆಯ ಬಲದ ಎಂಜಿನು ಇವುಗಳಿಂದ ೧೫೦ರ ಸಮೀಪಕ್ಕೆ ಬರುವುದುಂಟು. ಆದರೆ ಮಿನಿಟಿಗೆ ೫೦೦೦ ಸುತ್ತಿನಿಂದ ೭೦೦೦ಕ್ಕೇರಿದರೆ ವೇಗವು ಒಂದೂಕಾಲಕ್ಕಿಂತ ತುಸು ಹೆಚ್ಚಾಗುವುದಾದರೂ ಪಿಸ್ಟನುಗಳ ಎಳೆತವು ಹೆಚ್ಚುಕಡಮೆ ಇಮ್ಮಡಿಯಾಗುತ್ತದೆ; ಅದು ವೇಗದ ವರ್ಗವನ್ನು ಅನುಸರಿಸುವುದೇ ಕಾರಣ. ಅಕ್ಕಸಾಲಿಗನಂತೆ ನಾಲ್ಕು ಪಿಸ್ಟನುಗಳನ್ನೂ ತೂಗಿ, ಹೆಚ್ಚಿನದನ್ನು ಅರದಿಂದ ಉಜ್ಜಿ ಸಮಮಾಡುವುದು ಇದಕ್ಕಾಗಿಯೇ.

ಇಷ್ಟೆಲ್ಲ ಬದಲಾಯಿಸಿದ ಮೇಲೆ ಗಾಡಿ ಹಳೆಯದೇ ಆಗಿ ಉಳಿಯಿತೇ ಎಂಬ ಪ್ರಶ್ನೆ ಏಳುತ್ತದೆ. ೧೯೮೮ರಿಂದ ಮೂಲದ ಅಚ್ಚುಗಳಲ್ಲೇ ಒತ್ತಿದ ಹೊಸ ಒಡಲುಗಳು ಕೂಡ ದೊರೆಯುತ್ತಿವೆ! ಹಿಂದೆ ಬೇರೊಂದು ಊರಿನಲ್ಲಿ ಕಂಡ ದೇವದತ್ತನೇ ಇವನೆಂದು ಗುರುತಿಸುವುದು ಹೇಗೆಂದು ವೇದಾಂತಿಗಳು ಚರ್ಚಿಸಿದರು. ಇಲ್ಲಿ ದೇವದತ್ತನ ಕೈಕಾಲುಗಳೇ ಬೇರೆ. ಅಂತಾರಾಷ್ಟ್ರೀಯ ಮೋಟಾರು ಮಂಡಲಿಯವರು ಐತಿಹಾಸಿಕ ಗಾಡಿಗಳಿಗೆ ಒಂದು ಬಗೆಯ ರಹದಾರಿ ಪುಸ್ತಕವನ್ನು ಕೊಟ್ಟು, ಅಂದಿನ ಕಾಲದಲ್ಲಿದ್ದ ವಿಧಾನದ ಭಾಗಗಳನ್ನೇ ಹಾಕಬೇಕೆಂದು ಕಟ್ಟುಮಾಡಿದ್ದಾರೆ. ಸವಾರನ ಪ್ರಾಣರಕ್ಷಣೆಯ ಉಕ್ಕಿನ ಪಂಜರ, ಸೊಂಟ ಹೆಗಲುಗಳ ಪಟ್ಟಿ, ಬೆಂಕಿ ಆರಿಸುವ ಸಾಧನ, ಇವುಗಳಿಗೆ ಮಾತ್ರ ಹಳೆಯ ಕಾಲದ ನೆಪ ನಡೆಯದು. ಇದು ಯುಕ್ತವೇ. ನನ್ನ ಅಭಿಪ್ರಾಯದಲ್ಲಿ, ಹೆಸರಾಂತ ಪಂದ್ಯವನ್ನು ಗೆದ್ದ ಒಂದೇ ಒಂದು ಗಾಡಿಯನ್ನು ಮತ್ತೆ ಕಣಕ್ಕಿಳಿಸುವುದು ಸಾಹಸವಲ್ಲ, ಅವಿವೇಕ. ಲಕ್ಷಗಟ್ಟಲೆ ತಯಾರಾದುದನ್ನು ಓಡಿಸದೆ ಗಾಜಿನ ಕೋಣೆಯಲ್ಲಿಡುವುದೂ ಸಲ್ಲದು. ನಿಂತೇ ಇದ್ದರೆ ರಬ್ಬರು ಬಿರಿಯುತ್ತದೆ, ಬ್ರೇಕು ಜಡ್ಡುಗಟ್ಟುತ್ತದೆ.

ಕಾಲದ ಪೆಟ್ರೋಲೂ ಇವಕ್ಕೆ ಹೊಸ ತೊಡಕುಗಳನ್ನು ತಂದಿದೆ. ಬ್ರಿಟನ್ನಿನಲ್ಲಿ ೧೯೯೯ರ ಕೊನೆಗೆ ಸೀಸ ಬೆರೆತ ಪೆಟ್ರೋಲಿನ ಸಾಮಾನ್ಯ ಮಾರಾಟ ನಿಂತಿತು. ಸೀಸದ ರಕ್ಷೆ ತಪ್ಪಿದ ಕವಾಟಗಳ ಪೀಠಗಳು ಸವೆಯತೊಡಗಿ, ಗಟ್ಟಿ ಲೋಹದ ಬಳೆಗಳನ್ನು ಕೂರಿಸಬೇಕಾಯಿತು. ೨೦೨೧ರಿಂದ ಅಲ್ಲಿ ನೂರಕ್ಕೆ ಹತ್ತರವರೆಗೆ ಮದ್ಯಸಾರ ಬೆರೆತ ಪೆಟ್ರೋಲು ಬಂದು, ಹಳೆಯ ರಬ್ಬರು ಕೊಳವೆಗಳನ್ನೂ ಬದಲಾಯಿಸುವಂತಾಗಿದೆ.

ಪಂದ್ಯ ಮುಗಿದ ಸಂಜೆ ಕೆಲಸ ಮುಗಿಯುವುದಿಲ್ಲ. ಎಂಜಿನು ಆರಿದ ಮೇಲೆ ಕವಾಟಗಳ ಸಂದನ್ನು ಮತ್ತೆ ಅಳೆಯಬೇಕು, ನಟ್ಟುಗಳನ್ನೆಲ್ಲ ಒಂದು ಸುತ್ತು ಮುಟ್ಟಿ ನೋಡಬೇಕು, ಎಣ್ಣೆಯಲ್ಲಿ ಲೋಹದ ಚೂರುಗಳಿವೆಯೇ ಎಂದು ಪರೀಕ್ಷಿಸಬೇಕು. ನನ್ನ ಶಿಷ್ಯನು ಇದಕ್ಕಾಗಿ ಒಂದು ಪುಸ್ತಕವಿಟ್ಟಿದ್ದಾನೆ. ಅಂದಿನ ಹವೆಯ ಕಾವು, ಹಾಕಿದ ಸೂಜಿಯ ಹೆಸರು, ನಾಲ್ಕು ಪ್ಲಗ್ಗುಗಳ ಬಣ್ಣ, ವೆಚ್ಚವಾದ ಪೆಟ್ರೋಲು, ಎಲ್ಲವೂ ಕನ್ನಡದಲ್ಲಿಯೇ. ನಾನು ನೋಡಿದಾಗ ಕಡೆಯ ಸಾಲಿನಲ್ಲಿ ಹೀಗಿದ್ದಿತು: ಹಿಂದಿನ ಎಡಚಕ್ರದಲ್ಲಿ ಮೂರು ಕಡ್ಡಿಗಳು ಮಂಕು, ಭಾನುವಾರದೊಳಗೆ ಬಿಗಿಯತಕ್ಕದ್ದು.